ಹನ್ನೆರಡೂವರೆ ದಿನದ ಕಿಟಕಿ

ನಲವತ್ತು ಸೆಕೆಂಡಿನ ಒಂದು ವಿಡಿಯೊ ತಯಾರಾಗಲು ಹನ್ನೆರಡೂವರೆ ದಿನ ಬೇಕು ಎಂದು ಕಂಪ್ಯೂಟರ್ ತೋರಿಸಿದಾಗ ನಾನು ಅದನ್ನು ನಂಬಲಿಲ್ಲ. ಕಾಗದ ಪೆನ್ನು ತೆಗೆದುಕೊಂಡು ನಾನೇ ಲೆಕ್ಕಕ್ಕೆ ಕುಳಿತೆ. ಸೆಕೆಂಡಿಗೆ ಇಪ್ಪತ್ತೈದು ಚಿತ್ರ, ನಲವತ್ತು ಸೆಕೆಂಡಿಗೆ ಒಂದು ಸಾವಿರ ಚಿತ್ರ. ಒಂದೊಂದು ಚಿತ್ರಕ್ಕೆ ಹದಿನೆಂಟು ನಿಮಿಷ. ಮೂರು ಸಲ ಗುಣಿಸಿದೆ, ಮೂರು ಸಲವೂ ಮುನ್ನೂರು ಗಂಟೆಯೇ ಬಂತು. ಆವತ್ತು ಶುಕ್ರವಾರ. ಬುಧವಾರ ಸಂಜೆ ಆ ವಿಡಿಯೊ ಮಸ್ಕಿಯ ಒಂದು ಮನೆಯ ಟಿ.ವಿ.ಯಲ್ಲಿ ಓಡಬೇಕಿತ್ತು.

ನಾನು ಸಿಂಧನೂರಿನಲ್ಲಿ ಮನೆ ಕಟ್ಟುವವರಿಗೆ ನಕ್ಷೆ ಮಾಡಿಕೊಡುವವಳು. ಡಿಪ್ಲೊಮಾ ಮುಗಿಸಿ ಬಂದ ಹೊಸತರಲ್ಲಿ ಕಾಗದದ ಮೇಲಿನ ಗೆರೆಗಳೇ ಸಾಕಾಗುತ್ತಿದ್ದವು. ಈಗ ಯಾರಿಗೂ ಗೆರೆ ಬೇಡ. ಪಾಯ ತೋಡುವ ಮೊದಲೇ ಮನೆಯೊಳಗೆ ಓಡಾಡಿ ಬಂದ ಹಾಗೆ ಕಾಣಬೇಕು, ಗೋಡೆಗೆ ಬಣ್ಣ ಬಳಿದಿರಬೇಕು, ಸೋಫಾದ ಮೇಲೆ ದಿಂಬು ಇರಬೇಕು. ಅದನ್ನೆಲ್ಲ ನಾನು ಕಂಪ್ಯೂಟರಿನೊಳಗೆ ಕಟ್ಟುತ್ತೇನೆ. ಕಟ್ಟಿದ ಮೇಲೆ ಬಿಸಿಲು ಎಲ್ಲಿಂದ ಬಂತು, ಎಲ್ಲಿಗೆ ಬಿತ್ತು, ನೆರಳು ಎಷ್ಟು ಉದ್ದ ಎಂದು ಕಂಪ್ಯೂಟರ್ ಲೆಕ್ಕ ಹಾಕಿ ಒಂದೊಂದೇ ಚಿತ್ರ ಬಿಡಿಸುತ್ತದೆ. ಅದಕ್ಕೆ ರೆಂಡರ್ ಎನ್ನುತ್ತಾರೆ. ಅದು ನಡೆಯುವಾಗ ನನಗೆ ಏನೂ ಕೆಲಸವಿಲ್ಲ, ಸುಮ್ಮನೆ ಕಾಯುವುದು. ಕಾಯುವುದು ನನ್ನ ಜಾಯಮಾನಕ್ಕೆ ಒಗ್ಗುವುದಿಲ್ಲ.

ಮಸ್ಕಿಯಿಂದ ಬಂದವರು ಒಬ್ಬ ಹೆಣ್ಣುಮಗಳು. ನನಗಿಂತ ಎಂಟು ಹತ್ತು ವರ್ಷ ದೊಡ್ಡವರು. ಬಸ್ಸಿಳಿದು ನೇರ ನಮ್ಮ ಮನೆಗೇ ಬಂದಿದ್ದರು, ಕೈಯಲ್ಲಿ ಸುರುಳಿ ಸುತ್ತಿದ ನಕ್ಷೆ. ಗಂಡನದು ಬೀಜ ಗೊಬ್ಬರದ ಅಂಗಡಿ. ಮನೆ ಕಟ್ಟಿಸುತ್ತಿದ್ದವರು ಮಾತ್ರ ಮಾವ. ಆಕೆಗೆ ಬೇಕಾಗಿದ್ದದ್ದು ಒಂದೇ ಒಂದು.

"ಅಡಿಗಿಮನಿಗೆ ಪೂರ್ವದ ಗೋಡ್ಯಾಗ ಒಂದು ಕಿಟಕಿ ಬೇಕ್ರಿ. ನಕ್ಷೆದಾಗ ಇಲ್ಲ. ಮಾವಾರು ಅಲ್ಲಿ ಕಪಾಟು ಮಾಡಸ್ತೀನಿ ಅಂತಾರ. ಓಣಿ ಕಡೀಗೆ ಕಿಟಕಿ ಇಟ್ರ ಹೋಗೋರು ಬರೋರು ಎಲ್ಲಾ ಅಡಿಗಿಮನಿ ನೋಡ್ತಾರ ಅಂತ ಅವರ ಮಾತು."

"ನಿಮ್ಮ ಮನಿಯವರು ಏನಂತಾರ ಅಕ್ಕಾರ?"

"ಅಪ್ಪಗ ಕೇಳು ಅಂತಾರ್ರಿ."

ಮಾವನೇನೂ ಮೊಂಡುತನ ಮಾಡುವ ಮನುಷ್ಯನಲ್ಲವಂತೆ. ಬಾಡಿಗೆ ಮನೆಯ ಅಡುಗೆಮನೆಯಲ್ಲಿ ನಡು ಮಧ್ಯಾಹ್ನವೂ ಬಲ್ಬು ಉರಿಯುವುದನ್ನು ಅವರೂ ನೋಡಿದ್ದರು. "ಕಿಟಕಿ ಇಟ್ರ ಬೆಳಕು ಖರೇನ ಬರ್ತೈತಿ ಅಂದ್ರ ತೋರ್ಸು, ಇಡೋಣಂತ" ಎಂದಿದ್ದರು. ಮೇಸ್ತ್ರಿ ಆ ಗೋಡೆಯನ್ನು ಗುರುವಾರ ಎಬ್ಬಿಸುವವನಿದ್ದ. ಹಾಗಾಗಿ ಬುಧವಾರ ಸಂಜೆಯೊಳಗೆ ಮಾವ ವಿಡಿಯೊ ನೋಡಿ ಹೂಂ ಎಂದರೆ ಕಿಟಕಿ, ಇಲ್ಲದಿದ್ದರೆ ಕಪಾಟು. ಇಷ್ಟು ಸರಳ ಮಾತು. ಟೈಲ್ಸ್ ಯಾವ ಬಣ್ಣ ಹಾಕಲಿ, ಕಟ್ಟೆಗೆ ಕರಿ ಕಲ್ಲೋ ಕೆಂಪು ಕಲ್ಲೋ ಎಂದು ನಾನು ಕೇಳಿದ್ದಕ್ಕೆಲ್ಲ ಆಕೆ "ಯಾವ್ದರ ಹಾಕ್ರಿ, ಕಿಟಕಿ ಅಷ್ಟು ಬರೋಬ್ಬರಿ ತೋರ್ಸ್ರಿ" ಎಂದು ಹೇಳಿ ಮುಂದಿನ ಬಸ್ಸಿಗೆ ಹೋದರು.

ಮನೆಯನ್ನು ಕಂಪ್ಯೂಟರಿನಲ್ಲಿ ಕಟ್ಟುವುದು ಕಷ್ಟವಾಗಲಿಲ್ಲ. ಪಕ್ಕದಲ್ಲಿ ಅವ್ವ ಅಕ್ಕಿ ಹಸನು ಮಾಡುತ್ತ ಕೂತಿರುತ್ತಿದ್ದಳು, ನಾನು ಗೋಡೆ ಎಬ್ಬಿಸುತ್ತ ಕೂತಿರುತ್ತಿದ್ದೆ. ಪಡಸಾಲೆ, ದೇವರ ಕೋಣೆ, ಅಡುಗೆಮನೆ, ಹೊರಗೊಂದು ಬೇವಿನ ಗಿಡ. ನನಗೆ ನನ್ನ ಕೆಲಸದ ಮೇಲೆ ಸ್ವಲ್ಪ ಹೆಮ್ಮೆಯೂ ಇತ್ತು ಎಂದು ಒಪ್ಪಿಕೊಳ್ಳುತ್ತೇನೆ. ಎಲ್ಲ ಮುಗಿಸಿ ರೆಂಡರಿಗೆ ಹಾಕಿದಾಗಲೇ ಈ ಹದಿನೆಂಟು ನಿಮಿಷದ ಪೆಟ್ಟು ಬಿದ್ದದ್ದು.

ಹಿಂದೆ ಇಷ್ಟೇ ದೊಡ್ಡ ಮನೆಗೆ ಚಿತ್ರವೊಂದಕ್ಕೆ ನಾಲ್ಕು ನಿಮಿಷ ಹಿಡಿದದ್ದುಂಟು. ಇದಕ್ಕೇನಾಯಿತು ಎಂದು ನನಗೆ ತಲೆಬುಡ ತಿಳಿಯಲಿಲ್ಲ. ಬೇವಿನ ಗಿಡದ ಮೇಲೆ ಗುಮಾನಿ ಬಂತು. ಎಲೆ ಎಲೆಯಾಗಿ ಮಾಡಿದ ಗಿಡ, ಎಲೆಗಳ ಲೆಕ್ಕವೇ ಕಂಪ್ಯೂಟರಿಗೆ ಭಾರವಾಗಿರಬೇಕು. ಗಿಡ ತೆಗೆದೆ. ಹದಿನೇಳಾಯಿತು. ಪಡಸಾಲೆಯ ಕನ್ನಡಿ ತೆಗೆದೆ, ಪರದೆ ತೆಗೆದೆ, ದಿಂಬುಗಳನ್ನೂ ತೆಗೆದೆ. ಹದಿನಾರು. ಚಿತ್ರದ ಅಳತೆ ಇಳಿಸಿದೆ. ಹದಿಮೂರು. ಅಳತೆ ಇಷ್ಟು ಇಳಿಸಿದ ಮೇಲೆ ಸಮಯ ಅರ್ಧಕ್ಕರ್ಧ ಬೀಳಬೇಕಿತ್ತು, ಬೀಳಲಿಲ್ಲ. ಯಾಕೆ ಬೀಳಲಿಲ್ಲ ಎಂದು ಯೋಚಿಸುವಷ್ಟು ವ್ಯವಧಾನ ನನಗಿರಲಿಲ್ಲ. ಇನ್ನೇನು ತೆಗೆಯಲಿ ಎಂದೇ ಹುಡುಕುತ್ತಿದ್ದೆ.

ಒಂದು ವಿಷಯ ಮಾತ್ರ ನನ್ನ ಕಣ್ಣೆದುರೇ ಇತ್ತು. ಪ್ರತಿ ಚಿತ್ರ ಶುರುವಾಗುವ ಮೊದಲು ಕಂಪ್ಯೂಟರಿನ ಪರದೆ ಏಳು ನಿಮಿಷ ಸುಮ್ಮನೆ ಕಪ್ಪಾಗಿ ನಿಲ್ಲುತ್ತಿತ್ತು. ಬೆಳಕಿನ ಲೆಕ್ಕ ಇನ್ನೂ ಆರಂಭವೇ ಆಗಿರುತ್ತಿರಲಿಲ್ಲ. ಮನೆಯೊಳಗಿನ ಸಾಮಾನನ್ನೆಲ್ಲ ಅದು ಒಟ್ಟು ಮಾಡಿಕೊಳ್ಳುವ ಹೊತ್ತು ಅದು. ಗಿಡ ಕಿತ್ತರೂ ಕನ್ನಡಿ ತೆಗೆದರೂ ಆ ಏಳು ನಿಮಿಷ ಜಗ್ಗುತ್ತಿರಲಿಲ್ಲ. ಆ ಹೊತ್ತಿನಲ್ಲಿ ನಾನು ಚಹಾ ಮಾಡಿಕೊಳ್ಳಲು ಒಳಗೆ ಹೋಗುತ್ತಿದ್ದೆ.

ಅವ್ವನಿಗೆ ನನ್ನ ಪೇಚಾಟ ನೋಡಿ ನಗು. "ಹತ್ತು ಮಂದಿ ಉಣ್ಣೋ ಅಡಿಗಿ ಒಂದು ತಾಸಿನಾಗ ಆಗ್ತೈತಿ. ನೀ ಬರೇ ಅಡಿಗಿಮನಿ ತೋರ್ಸಾಕ ಹನ್ನೆರಡು ದಿನ ತಗೋತೀಯಲ್ಲ" ಎಂದಳು. ನಾನು ಸಿಡುಕಿದೆ. ಆಕೆ ಮತ್ತೆ ಅಕ್ಕಿಯಲ್ಲಿನ ಕಲ್ಲು ಆರಿಸಿದಳು.

ಸೋಮವಾರ ಬೆಳಿಗ್ಗೆ ಪೆನ್‌ಡ್ರೈವ್ ಪರ್ಸಿನಲ್ಲಿಟ್ಟುಕೊಂಡು ಲಿಂಗಸೂಗೂರಿಗೆ ಹೊರಟೆ. ಅಲ್ಲಿ ನನ್ನ ಜೊತೆ ಡಿಪ್ಲೊಮಾ ಓದಿದವನೊಬ್ಬ ಮದುವೆ ವಿಡಿಯೊ ಜೋಡಿಸುವ ಅಂಗಡಿ ಇಟ್ಟಿದ್ದಾನೆ. ನನ್ನದಕ್ಕಿಂತ ಗಟ್ಟಿ ಮಷೀನು ಅವನದು. ದಾರಿಯಲ್ಲಿ ಮಸ್ಕಿ ನಿಲ್ದಾಣದಲ್ಲಿ ಬಸ್ಸು ನಿಂತಾಗ ಆ ಅಕ್ಕ ಎಲ್ಲಿ ಹತ್ತಿಬಿಡುತ್ತಾರೋ, ಕೆಲಸ ಎಲ್ಲಿಗೆ ಬಂತು ಎಂದು ಕೇಳಿಬಿಡುತ್ತಾರೋ ಎಂದು ನಾನು ಓಢಣಿ ತಲೆಯ ಮೇಲೆ ಎಳೆದುಕೊಂಡು ಆಚೆ ಮುಖ ಮಾಡಿ ಕೂತೆ. ಕಳ್ಳತನ ಮಾಡಿದವರಂತೆ ಯಾಕೆ ಕೂತಿದ್ದೆನೋ ನನಗೇ ಗೊತ್ತಾಗಲಿಲ್ಲ. ಅಲ್ಲಿಯವರೆಗೆ ನಾನು ಯಾವ ತಪ್ಪೂ ಮಾಡಿರಲಿಲ್ಲ.

ಗೆಳೆಯ ಫೈಲು ತೆರೆದು, ಫೋನಿನಲ್ಲಿ ತಾಯಿಯೊಂದಿಗೆ ದಖ್ಖನಿ ಉರ್ದುವಿನಲ್ಲಿ ಏನೋ ಮಾತಾಡುತ್ತಲೇ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಫೋನಿಟ್ಟು ನನ್ನ ಕಡೆ ತಿರುಗಿದ.

"ನಿನ್ನ ಬೆಳಕು ಭಾಳ ಕುಣಿಯಾಕತ್ತೈತಿ ನೋಡು. ಎಷ್ಟು ಸಲ ಇಟ್ಟೀ?"

"ಹನ್ನೆರಡು."

"ಹನ್ನೆರಡು ಯಾಕ ಬೇಕು? ಒಂದಕ್ಕ ಇಳಿಸು. ಜಲ್ದಿ ಆಗ್ತೈತಿ."

ಈ ಕುಣಿತ ಏನೆಂದು ಹೇಳಬೇಕು. ಕಿಟಕಿಯಿಂದ ಬಂದ ಬಿಸಿಲು ಮೊದಲು ನೆಲಕ್ಕೆ ಬೀಳುತ್ತದೆ. ನೆಲದಿಂದ ಎದ್ದು ಗೋಡೆಗೆ ಹೋಗುತ್ತದೆ, ಗೋಡೆಯಿಂದ ಚಾವಣಿಗೆ, ಚಾವಣಿಯಿಂದ ಮೂಲೆಗೆ. ಹೀಗೆ ಬಡಿದು ಬಡಿದು ಹರಡುವುದರಿಂದಲೇ ಬಿಸಿಲು ಬೀಳದ ಮೂಲೆಯಲ್ಲೂ ನಮಗೆ ಪಾತ್ರೆ ಪಗಡಿ ಕಾಣುತ್ತವೆ. ಕಂಪ್ಯೂಟರಿಗೆ ಎಷ್ಟು ಸಲ ಬಡಿಯುವವರೆಗೆ ಲೆಕ್ಕ ಹಾಕಬೇಕೆಂದು ನಾವೇ ಹೇಳಬೇಕು. ಒಂದು ಎಂದರೆ ಒಂದೇ ಸಲ ಬಡಿದು ಬೆಳಕು ಸತ್ತುಹೋಗುತ್ತದೆ. ಇದೆಲ್ಲ ನನಗೆ ಗೊತ್ತಿತ್ತು. ಆದರೂ ಒಂದು ಎಂದು ಒತ್ತಿದೆ. ಹದಿಮೂರು ಹತ್ತಕ್ಕೆ ಬಂತು. ನಲವತ್ತು ಸೆಕೆಂಡನ್ನು ಇಪ್ಪತ್ತಕ್ಕೆ ಕತ್ತರಿಸಿ, ಅರ್ಧ ಚಿತ್ರ ಅವನ ಮಷೀನಿನಲ್ಲಿ, ಅರ್ಧ ನನ್ನದರಲ್ಲಿ ಎಂದು ಹಂಚಿಕೊಂಡರೆ ಬುಧವಾರ ಮಧ್ಯಾಹ್ನಕ್ಕೆ ಮುಗಿಯುತ್ತಿತ್ತು. ನನಗೆ ಹೋದ ಜೀವ ಬಂದಂತಾಯಿತು.

ಒಂದು ಚಿತ್ರ ನಮೂನೆಗೆಂದು ತೆಗೆದು ನೋಡಿದೆವು. ಅಡುಗೆಮನೆ ಸ್ವಲ್ಪ ಮಂಕಾಗಿತ್ತು. ಮಂಕಾಗಿತ್ತೆಂದು ನಾನು ಆಗಲೇ ನೋಡಿದೆನೋ, ಆಮೇಲೆ ನಡೆದದ್ದರಿಂದ ಈಗ ಹಾಗನಿಸುತ್ತದೋ, ಎಷ್ಟು ಯೋಚಿಸಿದರೂ ಬಗೆಹರಿಯುವುದಿಲ್ಲ. "ಪರವಾಗಿಲ್ಲೇನು?" ಎಂದು ಕೇಳಿದ್ದು ನೆನಪಿದೆ. "ಪರವಾಗಿಲ್ಲ ಬಿಡು" ಎಂದು ಅವನು ಹೇಳಿದ್ದೂ ನೆನಪಿದೆ. ಕೇಳಿದ್ದೇನೆ ಎಂದರೆ ಏನೋ ಕಂಡಿರಬೇಕಲ್ಲ.

ಬುಧವಾರ ಸಂಜೆ ಮಸ್ಕಿಯ ಆ ಬಾಡಿಗೆ ಮನೆಯಲ್ಲಿ ಟಿ.ವಿ. ಮುಂದೆ ಎಲ್ಲರೂ ಕೂತರು. ಮಾವ ಕುರ್ಚಿಯಲ್ಲಿ, ಮಗ ನೆಲದ ಮೇಲೆ, ಸೊಸೆ ಅಡುಗೆಮನೆಯ ಬಾಗಿಲಿಗೆ ಒರಗಿ. ಪಡಸಾಲೆ ಬಂದಾಗ ಮಾವನಿಗೆ ಖುಷಿಯಾಯಿತು, ದೇವರ ಕೋಣೆ ಬಂದಾಗ ಕೈ ಮುಗಿದೇ ಬಿಟ್ಟರು. ಅಡುಗೆಮನೆ ಬಂತು. ಅವರು ಮುಂದೆ ಬಾಗಿದರು. ಮತ್ತೊಮ್ಮೆ ಹಾಕು ಎಂದರು. ಮೂರನೆಯ ಸಲ ಅಡುಗೆಮನೆಯಲ್ಲೇ ನಿಲ್ಲಿಸು ಎಂದರು.

"ಕಿಟಕಿ ಮುಂದ ನೆಲದ ಮ್ಯಾಲ ಅಷ್ಟ ಬೆಳಕೈತಿ. ಒಲಿ ಇರೋ ಮೂಲ್ಯಾಗ ಕತ್ತಲಾನ ಐತಲ್ಲ ತಂಗಿ."

"ಟಿ.ವಿ. ಸ್ವಲ್ಪ ಕಪ್ಪು ತೋರಸ್ತೈತ್ರಿ" ಎಂದೆ. ಮಗ ಎದ್ದು ಟಿ.ವಿ.ಯ ಬೆಳಕು ಜಾಸ್ತಿ ಮಾಡಿದ. ಕತ್ತಲೆ ಹೋಗಿ ಎಲ್ಲ ಬೂದಿ ಬಣ್ಣವಾಯಿತು. ಮೂಲೆಯಲ್ಲಿ ಒಲೆ ಇದೆಯೋ ಇಲ್ಲವೋ ತಿಳಿಯದಾಯಿತು.

"ಹೋಗೋರಿಗೆ ಬರೋರಿಗೆ ಅಡಿಗಿಮನಿನೂ ತೋರ್ಸಬೇಕು, ಮತ್ತ ಕತ್ತಲ್ದಾಗನೂ ಕುಂದರಬೇಕು, ಯಾಕ ಬೇಕು?" ಎಂದರು ಮಾವ. ಧ್ವನಿಯಲ್ಲಿ ಗೆದ್ದೆ ಎನ್ನುವ ಭಾವ ಇರಲಿಲ್ಲ. ನಿಜವಾಗಿಯೂ ಯೋಚಿಸಿ ಹೇಳಿದರು. "ಕಪಾಟನ ಇರ್ಲಿ."

ಆಗಲೇ ನಾನು ಬಾಯಿ ಬಿಡಬೇಕಿತ್ತು. ಬೆಳಕನ್ನು ನಾನೇ ಕಡಿದಿದ್ದೇನೆ ಎನ್ನಬೇಕಿತ್ತು. ಆದರೆ ಆ ಗಳಿಗೆಯಲ್ಲಿ ನನ್ನ ತಲೆ ಮೊಸರು ಗಡಿಗೆಯಾಗಿತ್ತು. ನಾನು ಕಡಿದದ್ದರಿಂದ ಆ ಮೂಲೆ ಕಪ್ಪಾಯಿತೋ, ಕಿಟಕಿ ಇಟ್ಟರೂ ಅದು ಕಪ್ಪಾಗಿಯೇ ಇರುವ ಮೂಲೆಯೋ ನನಗೇ ಖಾತ್ರಿ ಇರಲಿಲ್ಲ. ಪೂರ್ತಿ ಬೆಳಕಿಟ್ಟು ನಾನು ನೋಡಿಯೇ ಇರಲಿಲ್ಲ. ಸೊಸೆ ನನ್ನನ್ನು ಒಂದು ಸಲ ನೋಡಿದರು. ಒಳಗೆ ಹೋಗಿ ಬಲ್ಬು ಹಾಕಿ ಚಹಾ ಮಾಡಿಕೊಂಡು ಬಂದರು. ನಾನು ಕುಡಿದೆ. ಆ ಚಹಾ ಕುಡಿದದ್ದಕ್ಕೆ ನನ್ನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಗುರುವಾರ ಬೆಳಿಗ್ಗೆ ಎದ್ದವಳೇ ಫೈಲು ತೆರೆದೆ. ಅಷ್ಟು ಹೊತ್ತಿಗೆ ಅಲ್ಲಿ ಮೇಸ್ತ್ರಿ ಗೋಡೆ ಶುರು ಮಾಡಿರುತ್ತಾನೆ ಎಂದು ಗೊತ್ತಿತ್ತು. ಆದರೂ ಈ ಮನೆಗೆ ಯಾವ ದೆವ್ವ ಹಿಡಿದಿದೆ ಎಂದು ನೋಡದೆ ಇರಲಾಗಲಿಲ್ಲ. ಒಂದೊಂದೇ ಕೋಣೆಯನ್ನು ಮರೆಮಾಡಿ ರೆಂಡರ್ ಒತ್ತುತ್ತ ಬಂದೆ. ಈ ಸಲ ಚಹಾಕ್ಕೆ ಹೋಗಲಿಲ್ಲ, ಕಪ್ಪು ಪರದೆಯನ್ನೇ ನೋಡುತ್ತ ಕೂತೆ. ಪಡಸಾಲೆ ಮರೆಮಾಡಿದೆ, ಏಳು ನಿಮಿಷ ಹಾಗೆಯೇ. ದೇವರ ಕೋಣೆ, ಹಾಗೆಯೇ. ಅಡುಗೆಮನೆಯ ಹಲಗೆಗಳ ಮೇಲೆ ಸಾಲಾಗಿ ಇಟ್ಟಿದ್ದ ಸ್ಟೀಲ್ ಡಬ್ಬಿಗಳನ್ನು ಮರೆಮಾಡಿದೆ. ಐದೇ ಸೆಕೆಂಡಿನಲ್ಲಿ ಚಿತ್ರ ಶುರುವಾಯಿತು.

ಡಬ್ಬಿಯ ಮುಚ್ಚಳ ತೆಗೆದು ನೋಡಿದೆ. ತುಂಬ ಅಕ್ಕಿ.

ಆಗ ನೆನಪಾಯಿತು. ಆ ಹಲಗೆಗಳನ್ನು ಜೋಡಿಸುತ್ತಿದ್ದ ದಿನ ಅವ್ವ ಮೊರ ಕೆಳಗಿಟ್ಟು ಪರದೆ ನೋಡಿ, "ಆ ಡಬ್ಬಿಗೋಳಾಗ ಏನೈತಿ?" ಎಂದು ಕೇಳಿದ್ದಳು. ಏನೂ ಇಲ್ಲ, ಖಾಲಿ ಎಂದಿದ್ದೆ. "ಹೊಸಾ ಮನ್ಯಾಗ ಖಾಲಿ ಡಬ್ಬಿ ಇಡ್ತಾರೇನು? ಅವರು ಮನಿ ನೋಡೂದು ಇದ ಮೊದಲು. ಕಾಳು ಹಾಕು." ನಮ್ಮ ಮನೆಯಲ್ಲಿ ಪಕ್ಕದವರ ಬಟ್ಟಲನ್ನು ವಾಪಸು ಕೊಡುವಾಗಲೂ ಖಾಲಿ ಕೊಡುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯಾದರೂ ಹಾಕುತ್ತೇವೆ. ನಾನು ಹುಟ್ಟಿದಾಗಿನಿಂದ ನೋಡಿದ ಪದ್ಧತಿ. ಬೇಡ ಎನ್ನಲು ನನಗೂ ಮನಸ್ಸು ಬರಲಿಲ್ಲ. ಒಂದು ಅಕ್ಕಿಕಾಳು ಮಾಡಿ, ಡಬ್ಬಿ ತುಂಬುವಷ್ಟು ಹೆಚ್ಚಿಸಿ, ಹದಿನಾರು ಡಬ್ಬಿಗೂ ಸುರಿದು ಮುಚ್ಚಳ ಹಾಕಿದ್ದೆ. ಸಾಲಗುಂದದ ತನ್ನ ತವರಿನಿಂದ ಬರುವ ಅಕ್ಕಿಯ ಹಾಗೆ ಸ್ವಲ್ಪ ಸಣ್ಣ ಕಾಳೇ ಇರಲಿ ಎಂದು ಅವ್ವ ಹೇಳಿದ್ದಕ್ಕೆ ಕಾಳನ್ನು ಸಣ್ಣದು ಮಾಡಿದ್ದೆ. ಸಣ್ಣದು ಮಾಡಿದಷ್ಟೂ ಹೆಚ್ಚು ಹಿಡಿದಿತ್ತು. ಮುಚ್ಚಳದ ಕೆಳಗೆ ಯಾರಿಗೂ ಕಾಣದ ಆ ಲಕ್ಷ ಲಕ್ಷ ಕಾಳುಗಳನ್ನು ಕಂಪ್ಯೂಟರ್ ಪ್ರತಿ ಚಿತ್ರಕ್ಕೂ ಮೊದಲಿನಿಂದ ಎಣಿಸಿಕೊಂಡು ಬರುತ್ತಿತ್ತು. ಬೆಳಕಿನ ಲೆಕ್ಕಕ್ಕೆ ಜಾಗವೇ ಇಲ್ಲದಂತೆ ಅದರ ನೆನಪಿನ ತುಂಬ ಅಕ್ಕಿಯೇ ಆಗಿತ್ತು.

ಅಕ್ಕಿ ತೆಗೆದೆ. ಬೇವಿನ ಗಿಡ ವಾಪಸಿಟ್ಟೆ. ಬೆಳಕನ್ನು ಮತ್ತೆ ಹನ್ನೆರಡಕ್ಕೆ ಬಿಟ್ಟೆ. ಚಿತ್ರವೊಂದಕ್ಕೆ ಮೂರು ನಿಮಿಷ. ಅಂದರೆ ಏನನ್ನೂ ಕಡಿಯದೆ ನಲವತ್ತು ಸೆಕೆಂಡೂ ಎರಡು ದಿನ ಚಿಲ್ಲರೆಯಲ್ಲಿ ಮುಗಿಯುತ್ತಿತ್ತು. ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಅವ್ವನನ್ನು ಕರೆದು ಹೇಳಿದೆ. ಆಕೆ ಬಹಳ ಹೊತ್ತು ಪರದೆ ನೋಡಿ, "ಹಂಗಾರ ಈಗ ಎಲ್ಲಾ ಖಾಲಿ ಅದಾವೇನು? ಒಂದೊಂದು ಕಾಳರ ಇರ್ಲಿ" ಎಂದಳು. ಡಬ್ಬಿಗೊಂದರಂತೆ ಹದಿನಾರು ಕಾಳು ಇಟ್ಟೆ. ಬೈಯುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ.

ಅಡುಗೆಮನೆಯ ಭಾಗವೊಂದನ್ನೇ ಹೊಸದಾಗಿ ತೆಗೆದುಕೊಂಡು ಶುಕ್ರವಾರ ಬೆಳಿಗ್ಗೆ ಮಸ್ಕಿ ಬಸ್ಸು ಹತ್ತಿದೆ. ಹೊಸ ಚಿತ್ರದಲ್ಲಿ ಒಲೆಯ ಮೂಲೆ ಬೆಳ್ಳಗಿತ್ತು. ಕಟ್ಟೆಯ ಕಲ್ಲು, ಡಬ್ಬಿಯ ಸಾಲು, ಚಾವಣಿ ಎಲ್ಲ ಕಾಣುತ್ತಿದ್ದವು.

ಗೋಡೆ ಎದ್ದುನಿಂತಿತ್ತು. ಪೂರ್ವಕ್ಕೆ ಇಟ್ಟಿಗೆ ಮೇಲೆ ಇಟ್ಟಿಗೆ, ಎಲ್ಲಿಯೂ ಕಿಂಡಿಯಿಲ್ಲ. ಸೊಸೆ ಪೈಪು ಹಿಡಿದು ಅದೇ ಗೋಡೆಗೆ ನೀರು ಹೊಡೆಯುತ್ತಿದ್ದರು. ಮಾವ ಇಟ್ಟಿಗೆ ರಾಶಿಯ ಮೇಲೆ ಕೂತಿದ್ದರು, ಮೇಸ್ತ್ರಿ ಮುಂದಿನ ಗೋಡೆಗೆ ದಾರ ಹಿಡಿಯುತ್ತಿದ್ದ. ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತುಹೋಯಿತು. ಬೆಳಕು ಕಡಿದದ್ದು, ಅಕ್ಕಿ ತುಂಬಿದ್ದು, ಎಲ್ಲ ಹಿಂದು ಮುಂದಾಗಿ ಒದರಿದೆ. ತಪ್ಪು ನನ್ನದು ಎಂದು ಮಾತ್ರ ಸರಿಯಾಗಿ ಹೇಳಿದೆ. ಲ್ಯಾಪ್‌ಟಾಪ್ ನೆರಳಿಗೆ ಹಿಡಿದು ತೋರಿಸಿದೆ.

ಮಾವ ಪೂರ್ತಿ ನೋಡಿದರು. "ಮೊನ್ನಿ ಕತ್ತಲಿತ್ತು, ಇವತ್ತ ಬೆಳಕೈತಿ. ಎರಡೂ ನೀನ ಮಾಡಿದ್ದು. ಯಾವುದು ಖರೆ ತಂಗಿ?"

"ಇದು ಖರೇಕ್ಕ ಹತ್ರ ಐತ್ರಿ."

"ಹತ್ರ ಅಂದ್ರ?"

ಹನ್ನೆರಡು ಎಂಬುದೂ ನಾನೇ ಇಟ್ಟದ್ದು. ಎಂಟು ಯಾಕಲ್ಲ, ಇಪ್ಪತ್ತು ಯಾಕಲ್ಲ? ನಿಜವಾದ ಬೆಳಕಿಗೆ ಇಷ್ಟೇ ಸಲ ಬಡಿ ಎಂದು ಯಾರು ಹೇಳಿದ್ದಾರೆ? ಓಣಿಯ ಆಚೆ ಬಿಸಿಲಿಗೆ ಅಡ್ಡವಾಗಿ ಒಂದು ಮಾಳಿಗೆ ಮನೆ ಇರುವುದನ್ನು ನಾನು ಆಗಲೇ ನೋಡಿದ್ದು, ಅದು ನನ್ನ ಚಿತ್ರದಲ್ಲಿ ಇರಲೇ ಇಲ್ಲ. ಒಂದು ವಾರ ಆ ಅಡುಗೆಮನೆಯೊಳಗೇ ಓಡಾಡಿದ್ದ ನನಗೆ ಅಲ್ಲಿ ಬೆಳಕು ಹೇಗಿರುತ್ತದೆಂದು ಗೊತ್ತಿರಲಿಲ್ಲ.

ಮಾವ ಸೊಸೆಯ ಕಡೆ ತಿರುಗಿದರು. "ನೀ ಹೇಳಬೇ. ಅಡಿಗಿ ಮಾಡಾಕಿ ನೀನ ಅಲ್ಲೇನು? ಕಿಟಕಿ ಇಟ್ರ ಬೆಳಕು ಸಾಕಾಗ್ತೈತೇನು?"

ಆಕೆ ಪೈಪು ಕೆಳಗಿಟ್ಟರು. ನೀರು ಮರಳಿನ ಮೇಲೆ ಹರಿಯಿತು. ತಮ್ಮನ್ನೇ ಕೇಳಿದ್ದು ಎಂದು ತಿಳಿಯಲು ಅವರಿಗೆ ಒಂದು ಗಳಿಗೆ ಬೇಕಾಯಿತು.

"ನನಗೇನು ಗೊತ್ರಿ ಮಾವಾರ" ಎಂದರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ದೂರೂ ಇರಲಿಲ್ಲ. "ತವರಮನ್ಯಾಗ ಅಡಿಗಿಮನಿಗೆ ಕಿಟಕಿ ಇರಲಿಲ್ಲ. ಇಲ್ಲಿಗೆ ಬಂದ ಮ್ಯಾಲ ಎರಡು ಮನಿ ಬದಲಿ ಮಾಡಿದ್ವಿ, ಎರಡಕ್ಕೂ ಇಲ್ಲ. ಕಿಟಕಿ ಇದ್ದ ಅಡಿಗಿಮನ್ಯಾಗ ನಾ ಎಂದು ನಿಂತೀನಿ, ಬೆಳಕು ಎಷ್ಟು ಬರ್ತೈತಿ ಅಂತ ಹೇಳಾಕ?"

ಮಾವ ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡರು. ಗೋಡೆ ನೋಡಿದರು, ಸೊಸೆಯನ್ನು ನೋಡಿದರು, ಮತ್ತೆ ಗೋಡೆ ನೋಡಿದರು. ನನ್ನ ಲ್ಯಾಪ್‌ಟಾಪನ್ನು ಮಾತ್ರ ನೋಡಲಿಲ್ಲ.

"ಮೇಸ್ತ್ರಿ, ನಿನ್ನಿ ಹಾಕಿದ ಸಿಮೆಂಟು ಇನ್ನಾ ಹಸಿ ಐತೇನು ನೋಡು."

ಮೇಸ್ತ್ರಿ ದಾರ ಬಿಟ್ಟು ಬಂದು ಇಟ್ಟಿಗೆಯ ಸಂದಿಗೆ ಕರಣಿ ಚುಚ್ಚಿದ. "ಹಸಿ ಐತ್ರಿ ಯಜಮಾನ್ರ."

"ಹಂಗಾರ ತೆಗಿ" ಎಂದರು ಮಾವ. "ಎಷ್ಟು ಅಗಲ ಅಂತ ಆಕೀನ ಕೇಳು."